ಎರಡನೆಯ ಕುಣಿಯ ಇಂಗ್ಲಿಷು

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕುಣಿಗಳಿದ್ದವು. ಒಂದರಲ್ಲಿ ಅಪ್ಪ ಕಾಲು ಇಳಿಬಿಟ್ಟು ಕೂತು ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಇನ್ನೊಂದರ ಮೇಲೆ ಬೇವಿನ ಹಲಗೆಗಳನ್ನು ಮುಚ್ಚಿದ್ದರು. ನನ್ನ ಅಣ್ಣ ಸಂಗಪ್ಪ ಹುಟ್ಟಿದ ವರ್ಷವೇ ಅಪ್ಪ ಆ ಎರಡನೆಯ ಕುಣಿ ತೋಡಿಸಿದ್ದನಂತೆ. ಮಗ ದೊಡ್ಡವನಾದ ಮೇಲೆ ಅಪ್ಪನ ಎದುರಿಗೆ ಕೂತು ನೇಯಲಿ ಎಂದು. ಆದರೆ ಅಣ್ಣ ಕನ್ನಡ ಸಾಲಿಯಲ್ಲಿ ಚುರುಕಾಗಿದ್ದ, ಮಾಸ್ತರರು ಹೊಗಳಿದರು, ಊರಲ್ಲಿ ಹೊಸದಾಗಿ ಇಂಗ್ಲಿಷ್ ವರ್ಗವೂ ಶುರುವಾಯಿತು. ಅಪ್ಪನ ಮನಸ್ಸು ಎರಡಾಯಿತು. ಅಷ್ಟು ದಿನ ಕುಣಿಯ ಮೇಲೆ ಹಲಗೆ ಇರಲಿ ಎಂದ. ಆ ಹಲಗೆಯ ಮೇಲೆಯೇ ಅಣ್ಣ ಮಲಗುತ್ತಿದ್ದ, ಅದರ ಮೇಲೆಯೇ ಕೂತು ಓದುತ್ತಿದ್ದ. ಅವನು ಎದ್ದು ಓಡಾಡಿದರೆ ಕೆಳಗಿನ ಟೊಳ್ಳು ಧಡ್ ಧಡ್ ಎನ್ನುತ್ತಿತ್ತು. ಆ ಸಪ್ಪಳ ಕೇಳಿದಾಗೆಲ್ಲ ಅಪ್ಪ ಒಮ್ಮೆ ಆ ಕಡೆ ನೋಡಿ ಮತ್ತೆ ಲಾಳಿ ಎಸೆಯುತ್ತಿದ್ದ.

ಮನೆ ಎಂದರೆ ಮಗ್ಗದ್ದೇ ಕಾರುಬಾರು, ನಾವೆಲ್ಲ ಅದರ ಸಂದಿಗೊಂದಿಯಲ್ಲಿ ಬದುಕಿದವರು. ಪಡಸಾಲೆ ಅದರದು, ನಡುಮನೆಯಲ್ಲಿ ನೂಲಿನ ಗಂಟುಗಳು, ಅಡುಗೆಮನೆಯ ದೊಡ್ಡ ಗಡಿಗೆಯಲ್ಲಿ ಕುದಿಯುತ್ತಿದ್ದ ಜೋಳದ ಗಂಜಿ ಕೂಡ ಮೊದಲು ನೂಲಿಗೆ, ಆಮೇಲೆ ನಮಗೆ. ಈ ಗಂಜಿಯ ಸಲುವಾಗಿ ಅವ್ವನಿಗೂ ಅತ್ತೆಗೂ ದಿನಾ ಜಗಳ. ಅತ್ತೆ ಅಂದರೆ ಅಪ್ಪನ ಅಕ್ಕ. ಗುಳೇದಗುಡ್ಡಕ್ಕೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ತವರಿಗೆ ಬಂದು ನಿಂತವಳು.

"ಅಕ್ಕಾರ, ಹುಡುಗ್ರು ಹಸದಾವು. ಒಂದ್ ಗಂಗಾಳ ತಗದ್ರ ನಿಮ್ಮ ನೂಲು ಸಾಯ್ತೈತೇನು?" ಎನ್ನುವಳು ಅವ್ವ.

"ನೂಲ ಗಟ್ಟಿ ಇದ್ರ ಹುಡುಗ್ರ ಹೊಟ್ಟಿ ತುಂಬತೈತಿ. ತಿಳೀಲಾರದವರಂಗ ಮಾತಾಡಬ್ಯಾಡ," ಎನ್ನುವಳು ಅತ್ತೆ.

ಹೀಗೆ ಜಗಳಾಡಿದವರು ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟುಕೊಂಡು ಒಂದೇ ಗಂಗಾಳಕ್ಕೆ ಕೈ ಹಾಕಿ ಉಣ್ಣುತ್ತಿದ್ದರು. ನನಗೆ ಇವತ್ತಿಗೂ ಇದು ಬಗೆಹರಿಯದ ಸೋಜಿಗ. ನಾನಾದರೆ ಒಂದು ಜಗಳವಾದರೆ ಮೂರು ದಿನ ಮಾತು ಬಿಡುವವಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗ ಹಲ್ಲು ಹೋಗಿವೆ, ಸಿಟ್ಟು ಮಾತ್ರ ಹಾಗೆಯೇ ಇದೆ.

ಇಳಕಲ್ ಸೀರೆ ಉಟ್ಟವರಿಗೆ ಗೊತ್ತು, ಅದರ ಒಡಲು ಬೇರೆ, ಸೆರಗು ಬೇರೆ. ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳೇ ಹಾಸು; ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಆ ಎರಡು ಹಾಸುಗಳನ್ನು ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಇಬ್ಬರು ಎದುರುಬದುರು ಕೂತು, ಒಬ್ಬರು ಎಳೆ ಎತ್ತಿ ಕೊಡಬೇಕು, ಇನ್ನೊಬ್ಬರು ಅದರಲ್ಲಿ ತಮ್ಮ ಎಳೆ ತೂರಿಸಿ ಎಳೆಯಬೇಕು. ಒಂದು ಸೀರೆಗೆ ಸಾವಿರಗಟ್ಟಲೆ ಕೊಂಡಿ. ಲೆಕ್ಕ ತಪ್ಪಬಾರದು ಎಂದು ಆರು ಕೊಂಡಿಗೆ ಒಂದು ಸುತ್ತು ಮಾಡಿ ಬಾಯಲ್ಲಿ ಏನಾದರೂ ಹೇಳಿಕೊಳ್ಳುತ್ತಿದ್ದರು. ಒಂದೊಂದು ಮನೆಯಲ್ಲಿ ಒಂದೊಂದು ರೂಢಿ. ನಮ್ಮ ಅತ್ತೆ ಊರುಗಳ ಹೆಸರು ಹೇಳುತ್ತಿದ್ದಳು. ಇಳಕಲ್ಲ, ಹುನಗುಂದ, ಅಮೀನಗಡ, ಸೂಳೇಬಾವಿ, ಕಮತಗಿ, ಗುಳೇದಗುಡ್ಡ. ಅದು ಅವಳು ಮದುವೆಯಾಗಿ ಬಂಡಿಯಲ್ಲಿ ಹೋದ ದಾರಿ. ಗುಳೇದಗುಡ್ಡ ಎಂದಾಗ ಆರನೆಯ ಕೊಂಡಿ ಬೀಳುತ್ತಿತ್ತು, ಮತ್ತೆ ಇಳಕಲ್ಲಿನಿಂದ ಶುರು. ದಿನಕ್ಕೆ ಎಷ್ಟು ಸಲ ಅವಳು ಗಂಡನ ಮನೆಗೆ ಹೋಗಿ ಬರುತ್ತಿದ್ದಳೋ ಯಾರಿಗೆ ಗೊತ್ತು! ಸಣ್ಣವಳಾದ ನನಗೆ ಅದು ತಿಳಿಯುತ್ತಿರಲಿಲ್ಲ, ಹೆಸರುಗಳ ಓಟ ಮಾತ್ರ ಚೆಂದ ಅನ್ನಿಸುತ್ತಿತ್ತು.

ಆ ದಾರಿಯನ್ನು ಇಂಗ್ಲಿಷು ಮುಚ್ಚಿಸಿತು. ಇಂಗ್ಲಿಷ್ ವರ್ಗದ ಮಾಸ್ತರರು ಧಾರವಾಡದ ಕಡೆಯವರು, ತೆಳ್ಳಗೆ, ಸದಾ ನಶ್ಯದ ವಾಸನೆ. ಅವರು ಹುಡುಗರಿಗೆ ಒಂದು ಕ್ರಿಯಾಪದ ಕೊಟ್ಟು ಅದನ್ನು ಎಲ್ಲ ಕಾಲಗಳಲ್ಲಿ, ಎಲ್ಲ ಅರ್ಥಗಳಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಒಂದು ಪಕ್ಕಾ ಆದರೆ ಉಳಿದ ನೂರು ಅದರ ಹಿಂದೆ ತಾವಾಗಿ ಬರುತ್ತವೆ ಎಂಬುದು ಅವರ ನಂಬಿಕೆ. ಅಣ್ಣನಿಗೆ ಬಂದದ್ದು 'ಪುಲ್'. ಅವನು ಹಲಗೆಯ ಮೇಲೆ ಕೂತು ಒದರಲು ಶುರುಮಾಡಿದ: ಐ ಪುಲ್, ದೌ ಪುಲೆಸ್ಟ್, ಹಿ ಪುಲ್ಸ್, ವಿ ಪುಲ್, ಯೂ ಪುಲ್, ದೇ ಪುಲ್. ಅತ್ತೆ ಎಳೆ ಹಿಡಿದವಳು ಕೈ ನಿಲ್ಲಿಸಿ ಕೇಳಿದಳು.

"ಏನಂದ್ರ ಅದು?"

"ಎಳಿ ಅಂತ, ಅತ್ತಿ. ನಾ ಎಳಿತೇನಿ, ನೀ ಎಳಿತಿ, ಅಂವ ಎಳಿತಾನ, ಹಂಗ."

"ಹಂಗಾದ್ರ ನಮ್ಮ ಕೆಲಸದ ಮಾತ ಐತಲ್ಲೋ! ಮತ್ತ ಆರಕ್ಕ ನಿಂದರ್ತೈತಿ. ಬಾ ಇಲ್ಲಿ, ಕೊಂಡಿ ಹಾಕ್ಕೋತ ಹೇಳು. ಬಾಯಿನೂ ದುಡಿಲಿ, ಕೈನೂ ದುಡಿಲಿ."

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕೊಂಡಿ ಬಿದ್ದದ್ದೆಲ್ಲ ಇಂಗ್ಲಿಷಿನಲ್ಲಿ. ಅತ್ತೆ ಊರುಗಳ ಹೆಸರು ಬಿಟ್ಟೇಬಿಟ್ಟಳು. ಯಾಕೆ ಎಂದು ಅವ್ವ ಕೇಳಿದ್ದಕ್ಕೆ, "ಆ ದಾರಿ ನಡದ್ ನಡದ್ ಸಾಕಾಗೈತಿ ತಂಗಿ," ಎಂದಳು. ಆವತ್ತು ಅವ್ವ ಗಂಜಿಯ ಜಗಳ ತೆಗೆಯಲಿಲ್ಲ.

ಅಣ್ಣನ ಎದುರಿಗೆ ನಾನು ಕೂರುತ್ತಿದ್ದೆ. ನನಗೆ ಆಗ ಒಂಬತ್ತೋ ಹತ್ತೋ ವರ್ಷ, ಬೆರಳು ಸಣ್ಣ, ಎಳೆ ಎತ್ತಿ ಕೊಡಲು ಹೇಳಿ ಮಾಡಿಸಿದ ಹಾಗಿದ್ದವು. ನಾನು ಎತ್ತುತ್ತಿದ್ದೆ, ಅವನು 'ಐ ಪುಲ್ಡ್' ಎಂದು ಎಳೆಯುತ್ತಿದ್ದ. ಆಗಿಹೋದ ಕಾಲ ಒಂದು ಬೊಗಸೆಯಗಲ ಮುಗಿದರೆ, ಆಗಲಿರುವ ಕಾಲ ಇನ್ನೊಂದು ಬೊಗಸೆಯಗಲ. ಸಂಜೆಗೆ ಅಪ್ಪ ಹಾಸಿನ ಮೇಲೆ ಕೈಯಾಡಿಸಿ ನೋಡುತ್ತಿದ್ದ. ಎಲ್ಲಾದರೂ ಕೊಂಡಿ ತಪ್ಪಿದ್ದರೆ ಅಣ್ಣ ಅಲ್ಲಿ ಪಾಠವನ್ನೂ ತಪ್ಪಿರುತ್ತಿದ್ದ. ಇಂಗ್ಲಿಷಿನ ಗಂಧವೂ ಇಲ್ಲದ ಅಪ್ಪ ಬೆರಳಿನಿಂದಲೇ ಮಗನ ವ್ಯಾಕರಣ ತಿದ್ದುತ್ತಿದ್ದ. ಅಣ್ಣ ಮಾಸ್ತರರಿಗೆ ಇದನ್ನು ಹೇಳಿದಾಗ ಅವರು ನಶ್ಯದ ಡಬ್ಬಿ ಮುಚ್ಚುವುದನ್ನೂ ಮರೆತು ನಕ್ಕಿದ್ದರಂತೆ.

ಕಾಲಗಳು ಮುಗಿದ ಮೇಲೆ ಅರ್ಥಗಳು, ಎಂದರೆ ಅದೇ ಕ್ರಿಯೆಯನ್ನು ಹೇಳುವ ಬೇರೆ ಬೇರೆ ಧಾಟಿಗಳು, ಬಂದವು. ಆಜ್ಞೆ ಮಾಡುವ ಅರ್ಥವೊಂದು. ಅದರಲ್ಲಿ ಬರೀ 'ಪುಲ್', ಎಳಿ ಎಂದರೆ ಮುಗಿಯಿತು. ಅದನ್ನು ಕೇಳಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಇದು ನಿಮ್ಮಪ್ಪಂದು. ಎಳಿ, ಬಿಡು, ತಾ, ಇಡು. ಇದ ಬಿಟ್ಟ ಬ್ಯಾರೆ ಮಾತ ಕೇಳೇನೇನು ನಾ ಇಷ್ಟ ವರ್ಷದಾಗ?"

"ನನಗ ಅದೊಂದ ಸಾಕು," ಎಂದ ಅಪ್ಪ, ಲಾಳಿ ನಿಲ್ಲಿಸದೆ.

ಇನ್ನೊಂದು ಅರ್ಥವಿತ್ತು. ಕೆಲಸ ಆಗಿಲ್ಲ, ಆದೀತು, ಆಗದೆಯೂ ಇದ್ದೀತು, ಅಂಥದ್ದು. ಎಳೆದೇನು, ಎಳೆದಾನು ಎಂದು ಮಾಸ್ತರರು ಕನ್ನಡ ಹೇಳಿಕೊಟ್ಟಿದ್ದರು. ಅಣ್ಣನಿಗೆ ತೊಡಕಾದದ್ದು ಇದೇ. 'ಐ ಮೇ ಪುಲ್' ಎಂಬ ಸಾಲು ಸಲೀಸಾಗಿ ಬರುತ್ತಿತ್ತು, ಅದರ ಮುಂದಿನ ಸಾಲಿಗೆ ಬಂದಾಗ ಬಾಯಿ ಕಟ್ಟುತ್ತಿತ್ತು. ಪ್ರತಿ ಸಲ, ಅದೇ ಜಾಗದಲ್ಲಿ. ಎಳೆ ಕೈಯಲ್ಲೇ ನಿಲ್ಲುತ್ತಿತ್ತು, ಅವನು ನನ್ನ ಮುಖ ನೋಡುತ್ತಿದ್ದ. ನಾನು "ಮೈಟ್" ಎನ್ನುತ್ತಿದ್ದೆ. ಅಷ್ಟು ಸಾಕು, "ಐ ಮೈಟ್ ಪುಲ್, ದೌ ಮೈಟೆಸ್ಟ್ ಪುಲ್" ಎಂದು ಬಂಡಿ ಇಳಿಜಾರಿಗೆ ಬಿದ್ದಂತೆ ಓಡುತ್ತಿದ್ದ. ಕೊನೆಕೊನೆಗೆ ನಾನು ಇಡೀ ಶಬ್ದವನ್ನೂ ಹೇಳಬೇಕಾಗಿರಲಿಲ್ಲ. ತುಟಿ ಕೂಡಿಸಿ 'ಮ' ಎಂದು ಬಿಟ್ಟರೆ ಸಾಕಿತ್ತು. ಅಲ್ಲಿ ಅವನು ನಿಲ್ಲುವುದು, ನಾನು ಎತ್ತಿಕೊಡುವುದು ಮನೆಗೆಲ್ಲ ರೂಢಿಯಾಗಿಬಿಟ್ಟಿತು. ಅದು ತಪ್ಪು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕೊಂಡಿ ಹಾಕುವುದೇ ಇಬ್ಬರ ಕೆಲಸ, ಒಬ್ಬರು ಎತ್ತಿ ಕೊಡಬೇಕು, ಒಬ್ಬರು ಎಳೆಯಬೇಕು. ಪಾಠವೂ ಹಾಗೆಯೇ ಎಂದು ತಿಳಿದಿದ್ದೆವು. ಪರೀಕ್ಷೆಯಲ್ಲಿ ಅವನು ಒಬ್ಬನೇ, ಬರಿಗೈಯಲ್ಲಿ ನಿಲ್ಲಬೇಕು ಎಂಬುದು ನೇಕಾರರ ಮನೆಯವರಾದ ನಮಗೆ ತಿಳಿಯಲೇ ಇಲ್ಲ. ನನಗಂತೂ ಆ ಒಂದು ಶಬ್ದದ ಮೇಲೆ ಭಾರೀ ಜಂಬ. ಸಾಲಿಯ ಮುಖ ನೋಡದ ಹುಡುಗಿ ನಾನು, ಅಣ್ಣನ ಇಂಗ್ಲಿಷು ನನ್ನಿಲ್ಲದೆ ನಡೆಯುತ್ತಿರಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಸಾಲಿಗಳ ತಪಾಸಣೆ ಮಾಡುವ ಡೆಪ್ಯುಟಿ ಸಾಹೇಬರು ಬರುತ್ತಾರೆ ಎಂದು ಸುದ್ದಿಯಾಯಿತು. ಅವರು ಒಪ್ಪಿದ ಹುಡುಗರಿಗೆ ಬಾಗಲಕೋಟೆಯ ದೊಡ್ಡ ಇಂಗ್ಲಿಷ್ ಸಾಲಿಯಲ್ಲಿ ಜಾಗ. ಅಲ್ಲಿ ಅಪ್ಪನ ಗುರುತಿನವರ ಮನೆಯಲ್ಲಿ ಅಣ್ಣ ಉಳಿಯುವುದೂ ನಿಶ್ಚಯವಾಗಿತ್ತು. ಅಪ್ಪ ಒಂದೇ ಮಾತು ಹೇಳಿದ.

"ಪಾಸಾದ್ರ ಬಾಗಲಕೋಟಿ. ಇಲ್ಲಂದ್ರ ಹಲಗಿ ತಗಿಯೂದು."

ಬಾಗಲಕೋಟೆ ಎಂದರೆ ಎಷ್ಟು ದೂರ ಎಂದು ಅತ್ತೆಯನ್ನು ಕೇಳಿದೆ. ಅವಳ ದಾರಿಗಿಂತಲೂ ಮುಂದೆ ಎಂದಳು. ಅಲ್ಲಿಯತನಕ ಅಣ್ಣ ಪಾಸಾಗಲಿ ಎಂದು ಮಗ್ಗಕ್ಕೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದವಳು ನಾನು. ಅವನು ಹೋದರೆ ನನ್ನ ಎದುರಿಗೆ ಯಾರು ಕೂರುತ್ತಾರೆ, ಯಾರು ನನ್ನ ಮುಖ ನೋಡಿ ನಿಲ್ಲುತ್ತಾರೆ ಎಂಬುದು ಆಗಲೇ ಹೊಳೆದದ್ದು.

ಪರೀಕ್ಷೆಯ ದಿನ ಬೆಳಿಗ್ಗೆ ಅವ್ವ ಅಣ್ಣನ ಧೋತರಕ್ಕೆ ನೂಲಿನ ಗಂಜಿಯನ್ನೇ ಹಾಕಿ ಒಣಗಿಸಿದ್ದಳು. ಅತ್ತೆ ಮೊದಲ ಸಲ ಗಂಜಿ ಕೊಡಲು ತಕರಾರು ಮಾಡಲಿಲ್ಲ. ಧೋತರ ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ಅಣ್ಣನ ಗೆಳೆಯನೊಬ್ಬ ಕರೆಯಲು ಬಂದ. ಹೊಸ್ತಿಲಲ್ಲಿ ನಿಂತು ಅಣ್ಣನನ್ನು ಪಾಠ ಕೇಳತೊಡಗಿದಾಗ, ನಾನು ಒಳಗಿನಿಂದ ಬಾಯಿ ಹಾಕಿ ಒಂದು ಸಾಲು ಹೇಳಿಬಿಟ್ಟೆ. ಆ ಹುಡುಗ ಕಣ್ಣರಳಿಸಿದ. ಅಣ್ಣನಿಗೆ ನಾಚಿಕೆಯಾಯಿತೋ ಏನೋ, ನಕ್ಕು ಅಂದ:

"ಏ, ಅದು ಗಿಳಿ. ಬಾಯಿಪಾಠ ಅಷ್ಟ. ಏನೂ ತಿಳಿಯಂಗಿಲ್ಲ ಅದಕ್ಕ."

ಅದಕ್ಕ ಎಂದ! ಆಕಿಗೆ ಎಂದು ಕೂಡ ಅನ್ನಲಿಲ್ಲ. ನನ್ನ ಕಿವಿ ಕಾದುಹೋದವು. ಅವನು ಧೋತರ ಚರಚರ ಅನ್ನಿಸುತ್ತ ಹೋದ, ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಅವ್ವ ರೊಟ್ಟಿಯ ಗಂಟು ಕೊಟ್ಟು ನನ್ನನ್ನು ಕಳಿಸಿದಳು. ಇಂಗ್ಲಿಷ್ ವರ್ಗ ನಡೆಯುತ್ತಿದ್ದದ್ದು ಒಂದು ಹಳೆಯ ಮಠದ ಪಡಸಾಲೆಯಲ್ಲಿ. ಹೆಣ್ಣುಮಕ್ಕಳು ಒಳಗೆ ಹೋಗುವ ಹಾಗಿಲ್ಲ, ನಾನು ಪಕ್ಕದ ಕಿಟಕಿಯ ಹತ್ತಿರ ನಿಂತೆ. ಡೆಪ್ಯುಟಿ ಸಾಹೇಬರು ಕೆಂಪು ಪಗಡಿ ಸುತ್ತಿ ಕುರ್ಚಿಯಲ್ಲಿ ಕೂತಿದ್ದರು. ಗದರುವ ಮನುಷ್ಯರಲ್ಲ. ಅವರ ಮುಂದೆ ಅಣ್ಣ ನಿಂತಿದ್ದ, ಆಗಲೇ ಶುರುಮಾಡಿದ್ದ. ಈಗಿನ ಕಾಲ ಮುಗಿಯಿತು, ಹಿಂದಿನದು ಮುಗಿಯಿತು, ಮುಂದಿನದೂ ಮುಗಿಯಿತು. ಮಾಸ್ತರರು ಹೆಮ್ಮೆಯಿಂದ ತಲೆ ತೂಗುತ್ತಿದ್ದರು. ಅಣ್ಣನ ಬಲಗೈ ಬೆರಳುಗಳು ಮಾತ್ರ ಧೋತರದ ಅಂಚನ್ನು ಹಿಡಿದು ಎಳೆಯುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಎಳೆಯುತ್ತಿದ್ದವು. ಗಂಜಿ ಹಾಕಿದ ಬಟ್ಟೆ ಬೆರಳಿಗೆ ಸಿಗದೆ ಜಾರುತ್ತಿತ್ತು. 'ಐ ಮೇ ಪುಲ್' ಬಂತು, 'ದೇ ಮೇ ಪುಲ್' ಬಂತು. ಅಲ್ಲಿಗೆ ನಿಂತ.

"ಹೂಂ, ಹೇಳಪಾ. ಮುಂದ?" ಎಂದರು ಸಾಹೇಬರು ಮೆತ್ತಗೆ.

ಅಣ್ಣ ಕತ್ತೆತ್ತಿದ. ಕಿಟಕಿಯಲ್ಲಿ ಅವನಿಗೆ ನಾನು ಕಂಡೆ. ಅವನ ಮುಖ ಹಗುರಾದದ್ದು ನನಗೆ ಕಾಣಿಸಿತು. ಗಿಳಿ ಗಿಳಿ ಎಂದವನು ಈಗ ಎಳೆ ಹಿಡಿದ ಹಾಗೆ ನನ್ನ ಬಾಯನ್ನೇ ನೋಡುತ್ತ ನಿಂತ. ನಾನು ರೂಢಿಯಂತೆ ತುಟಿ ಕೂಡಿಸಿದೆ. ಕೂಡಿಸಿದ ತುಟಿಯನ್ನು ಬಿಡಲಿಲ್ಲ. ಸಿಟ್ಟಿಗೆ ಬಿಡಲಿಲ್ಲವೋ, ಅವನು ಬಾಗಲಕೋಟೆಗೆ ಹೋಗಬಾರದು ಎಂದು ಬಿಡಲಿಲ್ಲವೋ, ಎಷ್ಟೋ ವರ್ಷ ಕೂತು ತೂಗಿ ನೋಡಿದ್ದೇನೆ. ಎರಡೂ ಇತ್ತು. ಮರೆತುಹೋಗಿತ್ತು ಎಂದು ಮಾತ್ರ ಹೇಳಲಾರೆ. ಶಬ್ದ ನನ್ನ ಬಾಯೊಳಗೇ ಇತ್ತು. ಸಾಹೇಬರು ಸ್ವಲ್ಪ ಹೊತ್ತು ಕಾದರು, ಮತ್ತೊಮ್ಮೆ ಮುಂದ ಎಂದರು, ಆಮೇಲೆ ಕಾಗದದ ಮೇಲೆ ಏನೋ ಬರೆದರು. ಮಾಸ್ತರರು ನೆಲ ನೋಡಿದರು. ನಾನು ರೊಟ್ಟಿಯ ಗಂಟನ್ನು ಕಿಟಕಿಯಲ್ಲೇ ಇಟ್ಟು ಓಡಿಬಂದೆ.

ಮನೆಯಲ್ಲಿ ಅವ್ವ ಗೋಧಿ ಹುಗ್ಗಿ ಮಾಡಿಟ್ಟಿದ್ದಳು. ಸುದ್ದಿ ತಿಳಿದ ಮೇಲೂ ಮಾಡಿದ ಸಿಹಿಯನ್ನು ಚೆಲ್ಲಲು ಬರುತ್ತದೆಯೇ? ಎಲ್ಲರೂ ಉಂಡೆವು. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೈ ತೊಳೆದುಕೊಂಡು ಬಂದು ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಆನಿಸಿದ. ಕುಣಿಯೊಳಗಿನ ತಂಪು ಮಣ್ಣಿನ ವಾಸನೆ ಮನೆಯೆಲ್ಲ ಹರಡಿತು. ಅತ್ತೆ ಕುಂಕುಮ ಹಚ್ಚಿ ದೀಪ ಇಟ್ಟಳು. ಮರುದಿನ ಅಣ್ಣ ಅದರೊಳಗೆ ಕಾಲು ಇಳಿಬಿಟ್ಟು ಕೂತ. ಕೂರುವ ಮುಂಚೆ ತನ್ನ ಪಾಟಿ, ಪುಸ್ತಕ ತಂದು ನನ್ನ ಉಡಿಯಲ್ಲಿ ಹಾಕಿದ.

"ತಗೊ. ನನಗಿಂತ ನಿನಗ ಚಲೋ ಬರ್ತೈತಿ. ನೀ ಕಲಿ."

ನನಗೆ ಅಳು ಬಂದುಬಿಟ್ಟಿತು. ಅಣ್ಣ ಪಾಸಾಗಲಿಲ್ಲವಲ್ಲ ಎಂದು ಅಳುತ್ತಾಳೆ, ಪಾಪ, ಎಂದರು ಎಲ್ಲರೂ. ಅದನ್ನು ಕೇಳಿ ಅಳು ಇನ್ನಷ್ಟು ಹೆಚ್ಚಾಯಿತು.

ನನಗೆ ಅಕ್ಷರ ಬಂದದ್ದು ಹೀಗೆ. ಆ ಹಲಗೆಗಳನ್ನೇ ಕುಣಿಯ ಪಕ್ಕ ಹಾಸಿಕೊಂಡು ನಾನು ಕೂರುತ್ತಿದ್ದೆ, ಅಣ್ಣ ಲಾಳಿ ಎಸೆಯುತ್ತಲೇ ಅ, ಆ ಹೇಳಿಕೊಟ್ಟ, ಆಮೇಲೆ ಕಾಗುಣಿತ, ಆಮೇಲೆ ಆ ಪುಸ್ತಕದ ಇಂಗ್ಲಿಷು. ತಪ್ಪು ಬರೆದರೆ ಕುಣಿಯಿಂದಲೇ ಕೈ ಚಾಚಿ ಪಾಟಿ ಒರೆಸುತ್ತಿದ್ದ. ನಾನು ಇವತ್ತು ಈ ನಾಲ್ಕು ಸಾಲು ಬರೆಯುತ್ತಿದ್ದರೆ, ಅದು ಅವನಿಂದ ನಾನು ಕಸಿದುಕೊಂಡ ಪಾಟಿಯ ಮೇಲೆ ಅವನೇ ತಿದ್ದಿಸಿದ ಅಕ್ಷರ. ಅವನು ಒಳ್ಳೆಯ ನೇಕಾರನಾದ. ಅವನ ಕೈಯ ಸೀರೆ ಎಂದರೆ ಹುನಗುಂದದವರು ಬಂದು ಕಾದು ಒಯ್ಯುತ್ತಿದ್ದರು. ಜನ ಹೊಗಳಿದಾಗೆಲ್ಲ ನಾನು ಅಲ್ಲಿಂದ ಎದ್ದು ಒಳಗೆ ಹೋಗುತ್ತಿದ್ದೆ.

ನನ್ನನ್ನೂ ಗುಳೇದಗುಡ್ಡಕ್ಕೇ ಕೊಟ್ಟರು, ಕುಪ್ಪಸದ ಖಣ ನೇಯುವವರ ಮನೆಗೆ. ಅತ್ತೆ ಹೋದ ದಾರಿಯಲ್ಲೇ ಹೋದೆ. ವರ್ಷಕ್ಕೊಮ್ಮೆ ಪಂಚಮಿಗೆ ಅಣ್ಣ ಬಂದು ಕರೆದೊಯ್ಯುತ್ತಿದ್ದ. ಉಂಡಿ ತಿಂದು, ಜೋಕಾಲಿ ಆಡಿ ಮುಗಿದ ಮೇಲೆ ಒಂದು ಸೀರೆಗೆ ನಾವಿಬ್ಬರೂ ಕೂತು ಕೊಂಡಿ ಹಾಕಬೇಕು. ಅದು ನಮ್ಮಿಬ್ಬರ ಕಟ್ಟಳೆ. ಅವನು ಐ ಪುಲ್ ಎಂದು ಶುರುಮಾಡುತ್ತಿದ್ದ, ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದ, ನನ್ನ ಮುಖ ನೋಡುತ್ತಿದ್ದ. ನಾನು "ಮೈಟ್" ಎನ್ನುತ್ತಿದ್ದೆ. ಇಷ್ಟು ವರ್ಷವಾದರೂ ಇವನಿಗೆ ಅದು ಬರಲಿಲ್ಲವಲ್ಲ, ನಾನೇ ಇವನ ಬಾಯಿ ಕಟ್ಟಿಹಾಕಿಬಿಟ್ಟೆನಲ್ಲ ಎಂದು ಸಂಕಟಪಡುತ್ತಿದ್ದೆ.

ಅಪ್ಪ, ಅವ್ವ, ಅತ್ತೆ ಮೂವರೂ ಹೋದ ಮೇಲಿನ ಒಂದು ಪಂಚಮಿ. ಅಣ್ಣನ ಮೀಸೆ ಪೂರ್ತಿ ಬೆಳ್ಳಗಾಗಿತ್ತು, ನನಗೂ ಎಳೆ ಕಾಣಲು ಕಣ್ಣು ಕಿರಿದು ಮಾಡಬೇಕಾಗಿತ್ತು. ಅವನು ಆ ಜಾಗಕ್ಕೆ ಬಂದು ನಿಂತ. ನನ್ನ ಕೈಯಲ್ಲಿ ಎಳೆ ಇತ್ತು. ನಾನು ಬಾಯಿ ತೆರೆದೆ, ಬೇರೆಯೇ ಮಾತು ಬಂತು.

"ಅಣ್ಣಾ, ಅವತ್ತ ನನಗ ಗೊತ್ತಿತ್ತು. ಬೇಕಂತನ ಹೇಳಲಿಲ್ಲ ನಾ."

ಅವನು ಎಳೆ ಬಿಡಲಿಲ್ಲ.

"ಗೊತ್ತೈತಿ," ಎಂದ.

"ಯಾವಾಗಿಂದ?"

"ಅವತ್ತಿಂದನ. ಕಿಟಕ್ಯಾಗ ನಿನ್ನ ಬಾಯಿ ನೋಡಕೋತನ ನಿಂತಿದ್ನಲ್ಲ. ತುಟಿ ಕೂಡಿಸಿದಿ, ಬಿಡಲಿಲ್ಲ."

"ಮತ್ತ ಇಷ್ಟ ವರ್ಷ ಯಾಕ ಕೇಳಲಿಲ್ಲ ನೀ? ಬೈಬೇಕಿಲ್ಲ? ಎರಡ ಬಡೀಬೇಕಿಲ್ಲ?"

ಅಣ್ಣ ನಕ್ಕ. ಪರೀಕ್ಷೆಯ ಬೆಳಿಗ್ಗೆ ಧೋತರ ಚರಚರ ಅನ್ನಿಸುತ್ತ ಹೋದ ಹುಡುಗನ ನಗು ಅದೇ.

"ಕೇಳಿಲ್ಲಂದ್ರ? ವರ್ಷಾ ವರ್ಷಾ ಆ ಜಾಗಾದಾಗ ನಿಂತು ಕೇಳೇನಿ. ವರ್ಷಾ ವರ್ಷಾ ನೀ ಹೇಳೀದಿ. ಇನ್ನೇನ ಕೇಳ್ಲಿ?"

"ಹಂಗಾದ್ರ ನಿನಗ ಅದು ಬರ್ತಿತ್ತು?"

"ಸಾಲ್ಯಾಗ ನಿಂತಾಗ ಬರಲಿಲ್ಲ, ಖರೆ. ಮರುದಿನ ಕುಣ್ಯಾಗ ಕುಂತು ಎಳಿ ಕೈಯಾಗ ಹಿಡದೆ ನೋಡು, ತಾನ ಬಂತು. ಆದ್ರ ಅದು ನೀ ಹೇಳೂ ಜಾಗಾ. ಅದಕ್ಕ ಬಿಟ್ಟಿದ್ದೆ."

ನನ್ನ ಕಣ್ಣಿಗೆ ಎಳೆ ಕಾಣದಾಯಿತು. ಕೆಂಪು ಯಾವುದು, ಬಿಳಿ ಯಾವುದು ತಿಳಿಯಲಿಲ್ಲ. ಅವನು ತನ್ನ ಕಡೆಯ ಎಳೆಯನ್ನು ಸ್ವಲ್ಪ ಅಲ್ಲಾಡಿಸಿದ.

"ಸಡಲಾಗಾಕತ್ತೈತಿ ನೋಡು. ಹೇಳವಾ."

ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದೆ. ಅವನು ಎಳೆದ. ಕೊಂಡಿ ಬಿತ್ತು.